ಮನಿಯವರಿಗೆ ಲಕ್ವಾ ಹೊಡದೈತಿ, ಮಾಸಾಶನದ ಅರ್ಜಿ ವಾಪಸ್ ಬಂದೈತಿ. ಮುಂದೇನ್ ಮಾಡಬೇಕ್ರಿ?

ಹೆಗ್ಗೇರಿ ಅಕ್ಕ | ರವಿವಾರ, ರಾತ್ರಿ 10:12

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯಾಕಿ ನಾನು. ಇಷ್ಟ ದಿನ ಇಲ್ಲಿ ಬರೇ ಓದಕೋತ ಇದ್ದೆ, ಇವತ್ತ ನಾನೂ ಕೇಳೂ ಪಾಳಿ ಬಂತು.

ನಮ್ಮನಿಯವರಿಗೆ 44 ವರ್ಷ. ಒಂದು ವರ್ಕ್‌ಶಾಪಿನ್ಯಾಗ ಲೇಥ್ ಮಷೀನ್ ಮ್ಯಾಲ ಒಂಬತ್ತ ವರ್ಷದಿಂದ ಕೆಲಸ ಮಾಡತಿದ್ರು. ಏಳ ತಿಂಗಳ ಹಿಂದ ಮುಂಜಾನೆ ಬಾಯಿ ಮುಕ್ಕಳಸೂ ಮುಂದ ನೀರು ಒಂದ ಕಡೀಲೆ ಸೋರಾಕ ಹತ್ತಿತು. ಬ್ರಷ್ ಕೈಯಾಗಿಂದ ಜಾರಿ ಬಿತ್ತು, ಎತ್ತಿಕೊಳ್ಳಾಕ ಬಗ್ಗಿದವ್ರು ಮತ್ತ ಏಳಲಿಲ್ಲ. ಬಲಗೈ, ಬಲಗಾಲು, ಮಾತು, ಮೂರೂ ಒಮ್ಮೆ ಹೋದ್ವು. ಹದಿನೆಂಟ ದಿನ ದವಾಖಾನಿ. ಈಗ ಕೋಲು ಹಿಡದು ಪಾಯಖಾನಿ ತನಕ ನಡೀತಾರ. ಬಲಗೈ ಬೆರಳು ಮಡಚಿದ್ದು ಮಡಚಿದಂಗ ಐತಿ. ಉಗುರು ಅಂಗೈಗೆ ಚುಚ್ಚಬಾರದಂತ ನಾನು ದಿನಾ ಒಂದ ಮೆತ್ತನ ಅರಿವಿ ಸುತ್ತಿ ಮುಷ್ಟಿ ಒಳಗ ಇಡತೇನಿ.

ಅವರು ಮಲಗಿದ ದಿನದಿಂದನ ಪಗಾರ ನಿಂತೈತಿ. ಮಾಲಕ್ರು ಐದ ಸಾವಿರ ಕೈಗಡ ಅಂತ ಕೊಟ್ಟಿದ್ರು, ಅಷ್ಟ. ನಾನು ಎರಡ ಖಾನಾವಳಿಗೆ ರೊಟ್ಟಿ ಬಡದು ಕೊಡತೇನಿ. ಗುಳಿಗಿಗೇ ತಿಂಗಳಿಗೆ 2,800 ಹೋಗತೈತಿ. ಮಗಳು ಪಿಯುಸಿ, ಮಗ ಎಂಟನೇತ್ತೆ.

ಅಂಗವಿಕಲರ ಮಾಸಾಶನಕ್ಕ ಅರ್ಜಿ ಹಾಕಿದ್ವಿ, ತಿರಸ್ಕಾರ ಆಗಿ ಬಂತು. ಆದಾಯ ಹೆಚ್ಚೈತಂತ, ಅಂಗವಿಕಲತೆ ಪ್ರಮಾಣಪತ್ರನೂ ಇಲ್ಲಂತ. ಏನ್ ಮಾಡಬೇಕು?

ಇನ್ನೊಂದು ಕೇಳೂದೈತಿ. ನಿನ್ನೆ ವರ್ಕ್‌ಶಾಪಿನ ಆಫೀಸಿನವ್ರು ಮನಿಗೆ ಬಂದು ಎರಡ ಕಾಗದ ಕೊಟ್ಟು ಹೋಗ್ಯಾರ. ಒಂದು ರಾಜೀನಾಮೆ, ಒಂದು ಪಿಎಫ್ ಪೂರ್ತಿ ತಗಿಯೂ ಅರ್ಜಿ. ಎಡಗೈ ಹೆಬ್ಬೆಟ್ಟು ಒತ್ತಿಸಿ ಇಡ್ರಿ, ರೊಕ್ಕ ಬರತೈತಿ ಅಂದಾರ. ಬುಧವಾರ ಬಂದು ಒಯ್ಯತಾರಂತ. ಕೈಯಾಗ ಏನೂ ಇಲ್ಲ, ಒತ್ತಿಸಿಬಿಡ್ಲೇನು ಅನಸತೈತಿ.


ಕುಂದಗೋಳ ಪುನರ್ವಸತಿ | ರವಿವಾರ, ರಾತ್ರಿ 10:31

ಅಕ್ಕಾರ, ಒತ್ತಿಸಬ್ಯಾಡ್ರಿ. ಮಾಸಾಶನದ ಮಾತು ಆಮ್ಯಾಲ. ಮೊದಲು ಆ ಎರಡೂ ಕಾಗದ ಎತ್ತಿ ಇಡ್ರಿ. ಟೈಮ್ ಆಫೀಸ್ ಕಾಕಾ ಬರಲಿ, ಅವರು ಬರೋಬ್ಬರಿ ಹೇಳ್ತಾರ.


ಕೇಶ್ವಾಪುರ 23 | ರವಿವಾರ, ರಾತ್ರಿ 10:50

ಅಕ್ಕಾ, ನಮ್ಮ ಓಣ್ಯಾಗ ಒಬ್ರು ಏಜೆಂಟ್ ಅದಾರ. 4,000 ತಗೊಂಡು 75 ಪರ್ಸೆಂಟ್‌ದು ಸರ್ಟಿಫಿಕೇಟ್ ಮಾಡಿಸಿ ಕೊಡ್ತಾರಂತ, ದವಾಖಾನಿಗೆ ಅಲಿಯೂದ ಬ್ಯಾಡ. ನಂಬರ್ ಬೇಕಂದ್ರ ಮೆಸೇಜ್ ಮಾಡ್ರಿ.


ಕುಂದಗೋಳ ಪುನರ್ವಸತಿ | ರವಿವಾರ, ರಾತ್ರಿ 11:04

ತಮ್ಮಾ, ಇದನ್ನ ಇಲ್ಲಿ ಬರೀಬ್ಯಾಡ. ಸುಳ್ಳು ಹೇಳಿ ಅಂಗವಿಕಲರ ಸೌಲಭ್ಯ ತಗೊಂಡ್ರ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಎರಡ ವರ್ಷದ ತನಕ ಜೈಲು, ಒಂದ ಲಕ್ಷದ ತನಕ ದಂಡ. ಸಿಕ್ಕಿಬೀಳೂದು ಏಜೆಂಟ್ ಅಲ್ಲ, ಈ ಅಕ್ಕನ ಗಂಡ. ಅವರಿಗೆ ಖರೇನ ಅರ್ಧ ಮೈ ಹೋಗೇದ. ಇದ್ದದ್ದನ್ನ ಇದ್ದಂಗ ತೋರಸಾಕ ಯಾರಿಗೂ ರೊಕ್ಕ ಕೊಡೂದು ಬ್ಯಾಡ.


ಟೈಮ್ ಆಫೀಸ್ ಕಾಕಾ | ಸೋಮವಾರ, ಬೆಳಿಗ್ಗೆ 6:20

ತಂಗೀ, ಈಗ ಓದಿದೆ. ಗೋಕುಲ ರಸ್ತೆ ಕಡೆ ಒಂದು ಕಾರ್ಖಾನ್ಯಾಗ 27 ವರ್ಷ ಹಾಜರಿ, ಪಗಾರ, ಪಿಎಫ್, ಇಎಸ್‌ಐ ಇದೇ ಕೆಲಸ ಮಾಡಿ ನಿವೃತ್ತ ಆದವ ನಾನು. ಉತ್ತರ ಬರಿಯೂ ಮೊದಲ ಒಂದ ಪ್ರಶ್ನೆ. ಅವರ ಪಗಾರ ಚೀಟಿ ಇದ್ದರ ತಗದು ನೋಡು. ಕಡಿತದ ಕಡೆ ಇಎಸ್‌ಐ ಅಂತ ಒಂದು ಸಣ್ಣ ಮೊತ್ತ ಇರ್ತದ. ಅದ ಏನು?


ಹೆಗ್ಗೇರಿ ಅಕ್ಕ | ಸೋಮವಾರ, ಬೆಳಿಗ್ಗೆ 9:45

ದೇವರ ಜಗಲಿ ಕೆಳಗ ಡಬ್ಬ್ಯಾಗ ಎಲ್ಲಾ ಚೀಟಿ ಇಟ್ಟಾರ ಕಾಕಾರ, ಒಂದೂ ಒಗದಿಲ್ಲ. ಕಡೀದ್ರಾಗ ಪಗಾರ 14,500 ಐತಿ. ಪಿಎಫ್ ಒಂದ ಕಡೆ, ಇಎಸ್‌ಐ 109 ಅಂತ ಇನ್ನೊಂದ ಕಡೆ. ಹತ್ತು ಅಂಕಿದು ಒಂದು ನಂಬರೂ ಐತಿ. ಅದು ಏನೋ ಟ್ಯಾಕ್ಸ್ ಅಂತ ತಿಳಕೊಂಡಿದ್ವಿ.


ಟೈಮ್ ಆಫೀಸ್ ಕಾಕಾ | ಸೋಮವಾರ, ಬೆಳಿಗ್ಗೆ 11:30

ಟ್ಯಾಕ್ಸ್ ಅಲ್ಲ ತಂಗೀ. ಆ 109 ರೂಪಾಯಿನ ನಿಮ್ಮ ಮನಿಗೆ ಈಗ ಆಧಾರ. ಸಾವಕಾಶ ಓದು, ಮಗಳ ಕಡಿಂದ ಬರಸಿ ಇಟ್ಟುಕೋ.

ಇಎಸ್‌ಐ ಅಂದ್ರ ಕಾರ್ಮಿಕರ ರಾಜ್ಯ ವಿಮೆ, 1948ರ ಕಾಯ್ದೆಯಿಂದ ಬಂದದ್ದು. ತಿಂಗಳಿಗೆ 21,000 ತನಕ ಪಗಾರ ಇದ್ದವರಿಗೆ. ಕೆಲಸಗಾರನ ಪಗಾರದಾಗ 0.75 ಪರ್ಸೆಂಟ್ ಹಿಡೀತಾರ, ಮಾಲಕ 3.25 ಪರ್ಸೆಂಟ್ ಹಾಕಬೇಕು. 14,500ಕ್ಕ ನಿಮ್ಮ ಪಾಲು ಬರೋಬ್ಬರಿ 109. ಜನ ಇದನ್ನ ಬರೇ ದವಾಖಾನಿ ಕಾರ್ಡ್ ಅಂತ ತಿಳಕೊಂಡಾರ. ಜಡ್ಡಾಗಿ ಮನ್ಯಾಗ ಕುಂತ್ರ ಪಗಾರದ ಬದ್ಲಿ ರೊಕ್ಕನೂ ಕೊಡ್ತದ. ಅದನ್ನ ನನ್ನ ನೌಕರಿ ಕಾಲದಾಗ ಹತ್ತು ಮಂದ್ಯಾಗ ಇಬ್ಬರೂ ಕೇಳ್ತಿರಲಿಲ್ಲ, ನನಗ ಅದು ಇನ್ನೂ ಸಂಕಟ.

ಮೊದಲನೇದು ಅನಾರೋಗ್ಯ ಭತ್ಯೆ. ಆರಾರು ತಿಂಗಳ ಎರಡ ಅವಧಿ ಕೂಡಿ ವರ್ಷಕ್ಕ 91 ದಿನದ ತನಕ, ಸರಾಸರಿ ದಿನಗೂಲಿಯ 70 ಪರ್ಸೆಂಟ್. ಮೊದಲ ಎರಡು ದಿನ ಬಿಡ್ತಾರ. ಇದಕ್ಕ ಒಂದ ಶರತ್ತು, ಅವರು ಜಡ್ಡಾಗಿ ಬಿದ್ದ ಹೊತ್ತಿಗೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧ್ಯಾಗ ಕನಿಷ್ಠ 78 ದಿನದ ವಂತಿಗೆ ತುಂಬಿರಬೇಕು. ಏಪ್ರಿಲ್‌ನಿಂದ ಸಪ್ಟೆಂಬರ್ ತನಕ ತುಂಬಿದ್ದು ಮುಂದಿನ ಜನವರಿಯಿಂದ ಜೂನ್ ತನಕ ಉಪಯೋಗ ಬರ್ತದ. ಅಕ್ಟೋಬರ್‌ನಿಂದ ಮಾರ್ಚ್ ತನಕ ತುಂಬಿದ್ದು ಜುಲೈಯಿಂದ ಡಿಸೆಂಬರ್‌ಗೆ.

91 ದಿನ ಮುಗದ್ರ ಕತಿ ಮುಗೀತು ಅಂತ ಎಷ್ಟೋ ಕಚೇರ್ಯಾಗನೂ ಹೇಳಿ ಕಳಸ್ತಾರ. ಮುಗಿಯೂದಿಲ್ಲ. ದೀರ್ಘ ಕಾಯಿಲೆಗೆ ವಿಸ್ತೃತ ಅನಾರೋಗ್ಯ ಭತ್ಯೆ ಅಂತ ಬ್ಯಾರೆನ ಅದ. 34 ಕಾಯಿಲೆಗಳ ಪಟ್ಟಿ ಇದೆ, ಕ್ಷಯ, ಕ್ಯಾನ್ಸರ್, ಬೆನ್ನಿನ ಡಿಸ್ಕ್ ಸರಿಯೂದು, ಸ್ಕಿಜೋಫ್ರೇನಿಯಾ, ಮೂತ್ರಪಿಂಡ ಕೆಡೂದು ಇವೆಲ್ಲಾ ಅದರಾಗ ಅವ. ಮೈ ಒಂದು ಕಡೆ ಹೋಗೂ ಲಕ್ವಾನೂ ಅದ. ಎರಡ ವರ್ಷ ಬಿಡದ ನೌಕರಿ, ಹಿಂದಿನ ನಾಲ್ಕು ವಂತಿಗೆ ಅವಧ್ಯಾಗ 156 ದಿನದ ವಂತಿಗೆ ಇದ್ದರ, 70ರ ಬದ್ಲಿ 80 ಪರ್ಸೆಂಟ್. ಮೊದಲು 124 ದಿನ, ಆಮ್ಯಾಲ ವೈದ್ಯಕೀಯ ಮಂಡಳಿ ಒಪ್ಪಿದ್ರ ಎರಡ ವರ್ಷದ ತನಕ. ನಿಮ್ಮ ಲೆಕ್ಕಕ್ಕ ತಿಂಗಳಿಗೆ ಸುಮಾರು 11,600 ಆಗ್ತದ.

ಏಳು ತಿಂಗಳ ತಡ ಆಗೇದ ಖರೇ. ಆದರ ಹಕ್ಕು ಹುಟ್ಟಿ ಒಂದು ವರ್ಷದೊಳಗ ಕೇಳಬೇಕು ಅಂತದ, ನೀವು ಒಳಗ ಇದ್ದೀರಿ. ನಾಳೆನ ಇಎಸ್‌ಐ ಡಿಸ್ಪೆನ್ಸರಿಗೆ ಹೋಗ್ರಿ. ಡಿಸ್ಚಾರ್ಜ್ ಕಾಗದ, ತಲಿ ಸ್ಕ್ಯಾನ್, ಗುಳಿಗಿ ಚೀಟಿ, ಎಲ್ಲಾ ಅಸಲು ಮತ್ತ ಎರಡೆರಡು ಜೆರಾಕ್ಸ್. ಬ್ಯಾರೆ ದವಾಖಾನ್ಯಾಗ ತೋರಿಸಿದ್ದನ್ನ ಪರ್ಯಾಯ ಪುರಾವೆ ಅಂತ ಒಪ್ಪಿಸಿಕೊಳ್ಳಲಿಕ್ಕೆ ದಾರಿ ಅದ. ಡಾಕ್ಟರು ಸರ್ಟಿಫಿಕೇಟ್ ಬರೀತಾರ, ರೊಕ್ಕ ಕೊಡೂದು ಇಎಸ್‌ಐ ಶಾಖಾ ಕಚೇರಿ. ಎರಡೂ ಬ್ಯಾರೆ ಬ್ಯಾರೆ ಜಾಗ, ಒಂದ ಕಡೆ ಹೋಗಿ ಕೆಲಸ ಆತು ಅಂತ ಮನಿಗೆ ಬರಬ್ಯಾಡ್ರಿ.

ಈಗ ಆ ಎರಡು ಕಾಗದ. ರಾಜೀನಾಮೆ ಬರದುಕೊಟ್ರ ಅವರು ನೌಕರಿ ತಾವಾಗೇ ಬಿಟ್ಟಂಗ ಆಗ್ತದ, ಆಮ್ಯಾಲ ಜಡ್ಡಿನ ಹಕ್ಕು ಕೇಳೂದು ಭಾಳ ತ್ರಾಸ. ಪಿಎಫ್ ಅರ್ಜಿ ಅದಕ್ಕಿಂತ ಕೆಟ್ಟದ್ದು. ಅದರ ಕೂಡ 10ಸಿ ಅಂತ ಒಂದು ಫಾರ್ಮ್ ಹಚ್ಚಿರ್ತಾರ, ತಗದು ನೋಡು. ಅದು ಪಿಂಚಣಿ ಪಾಲನ್ನ ಕಿತ್ತು ಕೈಗೆ ಕೊಡೂ ಫಾರ್ಮ್. ಹತ್ತು ವರ್ಷ ತುಂಬಿದವರಿಗೆ ಹಂಗ ತಗಿಯಾಕ ಬರೂದಿಲ್ಲ, ಒಂಬತ್ತು ವರ್ಷದವರಿಗೆ ಬರ್ತದ. ನಿಮ್ಮವರು ಒಂಬತ್ತರಾಗ ಅದಾರ. ಒಮ್ಮೆ ತಗದ್ರ ಪಿಂಚಣಿ ಹಕ್ಕು ಹೋತು.

1995ರ ಪಿಂಚಣಿ ಯೋಜನ್ಯಾಗ ಒಂದು ನಿಯಮ ಅದ, ಬಹಳ ಮಂದಿಗೆ ಗೊತ್ತಿಲ್ಲ. ನೌಕರಿಯಾಗ ಇದ್ದಾಗ ಕಾಯಂ ಆಗಿ, ಪೂರ್ತಿಯಾಗಿ ಅಶಕ್ತ ಆದ್ರ, ಒಂದೇ ಒಂದು ತಿಂಗಳ ವಂತಿಗೆ ತುಂಬಿದ್ದರೂ ಪಿಂಚಣಿ. 58 ವರ್ಷ ಆಗೂ ತನಕ ಕಾಯಬೇಕಿಲ್ಲ, ಹತ್ತು ವರ್ಷನೂ ಬೇಕಿಲ್ಲ. ಮಷೀನಿನ ಮುಂದನ ಪೆಟ್ಟಾಗಿರಬೇಕು ಅಂತನೂ ಇಲ್ಲ, ಮನ್ಯಾಗ ಲಕ್ವಾ ಹೊಡದ್ರೂ ನಡೀತದ. ಅದರ ಫಾರ್ಮ್ 10ಡಿ. ಲೆಕ್ಕ ಹಿಂಗ: ಪಿಎಫ್‌ಗೆ ಹಿಡದ ಪಗಾರ, ಗುಣಿಸು ವರ್ಷ, ಭಾಗಿಸು 70. 14,500 ಪೂರ್ತಿ ಹಿಡದಿದ್ರ 1,864 ರೂಪಾಯಿ. ಕಡಿಮಿ ಹಿಡದಿದ್ರೂ 1,000ಕ್ಕ ಕಡಿಮಿ ಇಲ್ಲ. ದೊಡ್ಡ ರೊಕ್ಕ ಅಲ್ಲ ತಂಗೀ, ಆದರ ಜೀವ ಇರೂ ತನಕ ಬರೂದು. ವೈದ್ಯಕೀಯ ಮಂಡಳಿ ನೋಡಿ ಹೇಳಬೇಕು, ಆಗೇ ಆಗ್ತದ ಅಂತ ನಾನು ಮಾತು ಕೊಡಂಗಿಲ್ಲ. ಕೇಳೂ ಹಕ್ಕನ್ನ ಮಾತ್ರ ಕಳಕೋಬ್ಯಾಡ್ರಿ.

ಈಗಿಂದೀಗ ಗುಳಿಗಿಗೆ ರೊಕ್ಕ ಬೇಕಂದ್ರ ಪಿಎಫ್‌ನಿಂದ ಜಡ್ಡಿನ ಮುಂಗಡ ತಗೋಬಹುದು. ನೌಕರಿ ಬಿಡದನ ಸಿಗ್ತದ. ನವನಗರದ ಪಿಎಫ್ ಕಚೇರ್ಯಾಗ ವಿಚಾರಿಸ್ರಿ.

ಬುಧವಾರ ಆಫೀಸಿನವರು ಬಂದ್ರ ಜಗಳಾ ಮಾಡಬ್ಯಾಡ. "ಇಎಸ್‌ಐ ಮುಗಿಯೂ ತನಕ ಸಹಿ ಮಾಡೂದಿಲ್ರೀ" ಅಷ್ಟ ಅಂದು ಚಾ ಕೊಟ್ಟು ಕಳಸು.


ಹೆಗ್ಗೇರಿ ಅಕ್ಕ | ಸೋಮವಾರ, ಮಧ್ಯಾಹ್ನ 2:10

ಕಾಕಾರ, 10ಸಿ ಅಂತನ ಐತಿ ನೋಡ್ರಿ. ಮಗಳು ಓದಿ ಹೇಳಿದ್ಲು. ನನಗ ಕೈಕಾಲು ನಡುಗಾಕ ಹತ್ಯಾವ.


ಕುಂದಗೋಳ ಪುನರ್ವಸತಿ | ಸೋಮವಾರ, ಸಂಜೆ 5:55

ಅಕ್ಕಾರ, ಈಗ ನಿಮ್ಮ ಮೊದಲ ಪ್ರಶ್ನೆ, ಮಾಸಾಶನ. ನಾನು ಗ್ರಾಮ ಪಂಚಾಯತಿ ಮಟ್ಟದಾಗ ವಿಕಲಚೇತನರ ಕೆಲಸ ಮಾಡಾವ, ದಿನಾ ಇದೇ ಅರ್ಜಿ ತುಂಬತೇನಿ. ನಿಮ್ಮದು ಪಟ್ಟಣ, ಅಲ್ಲೂ ನಗರ ಪುನರ್ವಸತಿ ಕಾರ್ಯಕರ್ತರು ಇರ್ತಾರ, ಅವರನ್ನ ಹುಡುಕ್ರಿ. ಅವರು ಫೀ ತಗೊಳ್ಳೂದಿಲ್ಲ.

ಸರ್ಕಾರ "ದುಡಿಯಾಕ ಆಗವಲ್ದು" ಅಂದ್ರ ಮಾಸಾಶನ ಕೊಡೂದಿಲ್ಲ. "ಇಷ್ಟು ಪರ್ಸೆಂಟ್ ಅಂಗವಿಕಲತೆ" ಅಂದ್ರ ಕೊಡ್ತದ. ಎರಡೂ ಒಂದ ಅಲ್ಲ. 40 ಪರ್ಸೆಂಟ್ ಮುಟ್ಟಿರಬೇಕು. ಅದನ್ನ ಹೇಳೂದು ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಾಗ ಆಧಾರ್, ಫೋಟೋ ಹಚ್ಚಿ ಅರ್ಜಿ ಹಾಕಿದ್ರ ದವಾಖಾನಿ ತಾರೀಖು ಬರ್ತದ. 40ಕ್ಕ ಕಡಿಮಿ ಇದ್ರ ಬಿಳಿ ಕಾರ್ಡ್, 40ರಿಂದ 80ರ ಒಳಗ ಹಳದಿ, 80 ಮತ್ತ ಮ್ಯಾಲ ನೀಲಿ.

ಲಕ್ವಾ ಆದ ಕೂಡಲೇ ಪರ್ಸೆಂಟ್ ಬರದುಕೊಡೂದಿಲ್ಲ. ಆರು ತಿಂಗಳ ಕಾಯ್ತಾರ, ಯಾಕಂದ್ರ ಆ ಹೊತ್ತಿಗೆ ಎಷ್ಟು ತಿರುಗಿ ಬರ್ತದ ಅಂತ ತಿಳೀತದ. ನಿಮಗ ಏಳು ತಿಂಗಳಾಗೇದ, ಈಗ ಹೋದ್ರ ಬರೋಬ್ಬರಿ. ಕೊಟ್ಟ ಪರ್ಸೆಂಟ್ ಒಪ್ಪಿಗಿ ಆಗಲಿಲ್ಲಂದ್ರ 90 ದಿನದೊಳಗ ಮೇಲ್ಮನವಿ ಹಾಕಬಹುದು. ತಾತ್ಕಾಲಿಕ ಅಂತ ಬರದಿದ್ರ ಅವಧಿ ಮುಗಿಯೂ ತಾರೀಖು ಗೋಡೆ ಕ್ಯಾಲೆಂಡರ್‌ದಾಗ ಬರದಿಡ್ರಿ, ಮುಗದ ಮ್ಯಾಲ ಮಾಸಾಶನ ನಿಂತು ಬಂದೋರು ನನ್ನ ಕಡೆ ಭಾಳ ಮಂದಿ.

ಆದಾಯದ್ದು ಕೇಳ್ತೇನಿ, ಯಾವ ಆದಾಯ ಪ್ರಮಾಣಪತ್ರ ಹಚ್ಚಿದ್ರಿ?


ಹೆಗ್ಗೇರಿ ಅಕ್ಕ | ಸೋಮವಾರ, ಸಂಜೆ 6:20

ಮಗಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಇತ್ರಿ, ಅದನ್ನ ಹಚ್ಚಿದ್ವಿ. 96,000 ಅಂತ ಐತಿ.


ಕುಂದಗೋಳ ಪುನರ್ವಸತಿ | ಸೋಮವಾರ, ಸಂಜೆ 6:48

ಅಲ್ಲೇ ತಪ್ಪೇದ ನೋಡ್ರಿ. ಅವರು ದುಡಿಯೂ ಕಾಲದ ಆದಾಯ ಅದು. ಮಿತಿ ಇರೂದು ವರ್ಷಕ್ಕ 32,000.

ಆದರ ಈಗ ಒಂದು ಮಾತು ನೇರ ಹೇಳ್ತೇನಿ, ಬ್ಯಾಸರ ಮಾಡಕೋಬ್ಯಾಡ್ರಿ. ಕಾಕಾ ಹೇಳಿದ ಇಎಸ್‌ಐ ರೊಕ್ಕ ಬರಾಕ ಹತ್ತಿದ್ರ ನಿಮ್ಮ ಆದಾಯ ಆ ಮಿತಿ ದಾಟತದ. ಅದನ್ನ ಮುಚ್ಚಿ ಮಾಸಾಶನ ತಗೊಂಡ್ರ ಮುಂದ ವಸೂಲಿ ಬರ್ತದ. 40ರಿಂದ 75ರ ನಡುವಿನವರಿಗೆ ಮಾಸಾಶನ ತಿಂಗಳಿಗೆ 800 ರೂಪಾಯಿ, 75ರ ಮ್ಯಾಲಿದ್ರ ಹೆಚ್ಚು. 800ಕ್ಕ ಹೋಗಿ 11,600 ಬಿಡೂದು ಬ್ಯಾಡ. ಇಎಸ್‌ಐ ಮೊದಲು ಹಿಡೀರಿ. ಯುಡಿಐಡಿ ಈಗಲೇ ಮಾಡಸ್ರಿ. ಇಎಸ್‌ಐ ಮುಗದ ದಿನ ಹೊಸಾ ಆದಾಯ ಪ್ರಮಾಣಪತ್ರ ಮಾಡಿಸಿ ಮಾಸಾಶನಕ್ಕ ಹಾಕೂಣು.

ಕಾರ್ಡ್ ಕೈಯಾಗ ಇದ್ರ ಬಸ್ ಪಾಸೂ ಆಗ್ತದ, ಮನಿಯಿಂದ 100 ಕಿಲೋಮೀಟರ್ ತನಕ. ಫಿಜಿಯೋಥೆರಪಿಗೆ ಅಡ್ಡಾಡೂ ಖರ್ಚು ಉಳೀತದ.


ಬೆಟಗೇರಿ ಮಗ್ಗ | ಸೋಮವಾರ, ರಾತ್ರಿ 9:15

ನಡುವ ಬಾಯಿ ಹಾಕತೇನಿ, ಕ್ಷಮಾ ಮಾಡ್ರಿ. ಗದಗ ಬೆಟಗೇರಿಯಾವ. ನಮ್ಮಪ್ಪ ನಲವತ್ತು ವರ್ಷ ಮಗ್ಗದ ಕುಣ್ಯಾಗ ಕಾಲಿಟ್ಟು ಸೀರಿ ನೇಯ್ದಾವ. ಎರಡೂ ಮೂತ್ರಪಿಂಡ ಹೋಗ್ಯಾವ, ವಾರಕ್ಕ ಎರಡ ಸಲ ಡಯಾಲಿಸಿಸ್. ಮಾಡಿಸಿಕೊಂಡು ಬಂದ ದಿನ ಹಾಸಿಗಿ ಬಿಟ್ಟು ಏಳೂದಿಲ್ಲ, ಮರುದಿನ ಅರ್ಧಾ ಗಂಟೆ ಮಗ್ಗದ ಮುಂದ ಕುಂತ್ರ ಕೈ ಬಿಡತೈತಿ. ಅಂಗವಿಕಲತೆ ಪ್ರಮಾಣಪತ್ರ ಕೇಳಾಕ ಹೋದ್ರ ನಿಮಗ ಕೈಕಾಲು ಬರೋಬ್ಬರಿ ಅದಾವಲ್ಲ ಅಂದ್ರು. ಏನಾದ್ರೂ ದಾರಿ ಐತೇನ್ರಿ?


ಕುಂದಗೋಳ ಪುನರ್ವಸತಿ | ಸೋಮವಾರ, ರಾತ್ರಿ 9:52

ಅಣ್ಣಾ, 2016ರ ಕಾಯ್ದ್ಯಾಗ 21 ವಿಧದ ಅಂಗವಿಕಲತೆ ಪಟ್ಟಿ ಮಾಡ್ಯಾರ. ಪಾರ್ಕಿನ್ಸನ್ ಅದ, ಥಲಸ್ಸೇಮಿಯಾ ಅದ, ಹಿಮೋಫಿಲಿಯಾ ಅದ, ಕುಡಗೋಲು ಕಣ ರಕ್ತಹೀನತೆ ಅದ. ಮೂತ್ರಪಿಂಡ ಇಲ್ಲ. ಹೃದಯ ಇಲ್ಲ. ಕ್ಯಾನ್ಸರ್ ಇಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳೋರು ನನ್ನ ಟೇಬಲ್ ಮುಂದ ಬಂದು ಕುಂತಾಗ ನಾನು ಬರಿಗೈಲೆ ಕಳಸೀನಿ, ಒಬ್ಬರಲ್ಲ ಇಬ್ಬರಲ್ಲ. ಇದು ತಪ್ಪು ಅಂತ ನನಗ ಬಲವಾಗಿ ಅನಸ್ತದ. ಮಗ್ಗದ ಮುಂದ ಕೂಡಾಕ ಆಗದ ನೇಕಾರ ಅಶಕ್ತ ಅಲ್ಲಂದ್ರ ಮತ್ತ್ಯಾರು?

ನಿಮ್ಮಪ್ಪಗ ಸಕ್ಕರಿ ಬ್ಯಾನಿ ಅದ ಏನು? ಅದರಿಂದ ಕಣ್ಣಿಗೆ ಪೆಟ್ಟಾಗಿದ್ರ, ಕಾಲಿನ ಬೆರಳು ತಗದಿದ್ರ, ಆ ಲೆಕ್ಕದಾಗ ಪರ್ಸೆಂಟ್ ಬರಬಹುದು. ಅದೊಂದು ತೋರಸ್ರಿ. ಬಿಪಿಎಲ್ ಇದ್ರ ಸರ್ಕಾರಿ ದವಾಖಾನ್ಯಾಗ ಡಯಾಲಿಸಿಸ್ ಪುಕ್ಕಟೆ, ಅದನ್ನಂತೂ ಬಿಡಬ್ಯಾಡ್ರಿ. 60 ದಾಟಿದ್ರ ವಯಸ್ಸಿನ ಪಿಂಚಣಿ ಬಾಗಲ ತಟ್ಟಬೇಕು.


ಬೆಟಗೇರಿ ಮಗ್ಗ | ಸೋಮವಾರ, ರಾತ್ರಿ 10:03

ಅಪ್ಪಗ 56 ರೀ. ಸಕ್ಕರಿ ಐತಿ. ಕಣ್ಣು ಮಂಜು ಅಂತಾನ, ದಾರ ಹರದದ್ದು ಕಾಣೂದಿಲ್ಲ ಅಂತಾನ. ನಾವು ವಯಸ್ಸು ಅಂತ ಬಿಟ್ಟಿದ್ವಿ.


ಟೈಮ್ ಆಫೀಸ್ ಕಾಕಾ | ಮಂಗಳವಾರ, ಬೆಳಿಗ್ಗೆ 6:05

ಬೆಟಗೇರಿ ತಮ್ಮಾ, ನಾನು ನಿನ್ನೆ ಬರದ ಪಟ್ಟಿ ನೋಡಿರಬೇಕು. ಇಎಸ್‌ಐದಾಗ ಮೂತ್ರಪಿಂಡದ ಕಾಯಿಲೆಗೆ 80 ಪರ್ಸೆಂಟ್ ಕೂಲಿ ಅದ. ನಿಮ್ಮಪ್ಪ ಒಂದು ಮಿಲ್ಲಿನ್ಯಾಗ ಪಗಾರಕ್ಕ ಇದ್ದಿದ್ರ ಸಿಗ್ತಿತ್ತು. ಮನ್ಯಾಗ ಮಗ್ಗ ಹಾಕಿ ನೇಯ್ದದ್ದಕ್ಕ ಸಿಗೂದಿಲ್ಲ. ಅದ ಕೆಲಸ, ಅದ ಜಡ್ಡು. ರಾತ್ರಿ ನಿದ್ದಿ ಬರಲಿಲ್ಲ ನನಗ. ಕಣ್ಣು ತಪ್ಪದ ತೋರಸ್ರಿ.


ರಾಣೆಬೆನ್ನೂರು ಹುಡುಗ | ಮಂಗಳವಾರ, ಬೆಳಿಗ್ಗೆ 8:40

ಹಾವೇರಿ ಜಿಲ್ಲೆಯವನು. ನನ್ನ ಅಣ್ಣನಿಗೆ ಹನ್ನೆರಡು ವರ್ಷದಿಂದ ಸ್ಕಿಜೋಫ್ರೇನಿಯಾ. ಪರೀಕ್ಷೆಗೆ ಕರೆದುಕೊಂಡು ಹೋದ ದಿನ ಚೆನ್ನಾಗಿ ಇಸ್ತ್ರಿ ಅಂಗಿ ಹಾಕಿಕೊಂಡು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟ. 40ಕ್ಕಿಂತ ಕಡಿಮೆ ಬಂತು. ಮನೆಯಲ್ಲಿ ಮೂರು ದಿನಕ್ಕೊಮ್ಮೆ ಸ್ನಾನ ಮಾಡಿಸಲು ಅವ್ವ ಅಳುತ್ತಾಳೆ. ಅದನ್ನು ಯಾರೂ ಕೇಳಲಿಲ್ಲ.


ಧಾರವಾಡ ನರ್ಸ್ | ಮಂಗಳವಾರ, ಬೆಳಿಗ್ಗೆ 10:25

ತಮ್ಮಾ, ಮಾನಸಿಕ ಕಾಯಿಲೆಗೆ ಒಂದು ದಿನದ ಮುಖ ನೋಡಿ ಅಂಕ ಹಾಕಬಾರದು. ಅದಕ್ಕ ಐಡಿಯಾಸ್ ಅಂತ ಅಳತೆ ಅದ. ತನ್ನ ಮೈ ತಾನು ನೋಡಿಕೊಳ್ಳೂದು, ಮಂದಿ ಕೂಡ ಬೆರೆಯೂದು, ಮಾತು ಮತ್ತ ತಿಳುವಳಿಕೆ, ಕೆಲಸ, ಈ ನಾಲ್ಕಕ್ಕ ಅಂಕ. ಕಾಯಿಲೆ ಎಷ್ಟು ವರ್ಷದ್ದು ಅಂತ ಅದಕ್ಕೂ ಅಂಕ. ಹನ್ನೆರಡು ವರ್ಷದ ಚೀಟಿ ಎಲ್ಲಾ ಒಯ್ಯಿರಿ. ಅವ್ವನೂ ಜೋಡಿ ಹೋಗಲಿ. ಸ್ನಾನದ ಮಾತು, ಕೆಲಸಕ್ಕ ಹಚ್ಚಿದ್ರ ಎಷ್ಟು ದಿನ ನಿಂತ, ರಾತ್ರಿ ಎದ್ದು ಹೊರಗ ಹೋಗೂದು, ಇದನ್ನೆಲ್ಲ ಒಂದು ಹಾಳಿ ಮ್ಯಾಲ ಬರದು ಕೊಡ್ರಿ. ಅಲ್ಲಿ ಡಾಕ್ಟರ ಮುಂದ ಮರೀತದ. ಮನೋರೋಗದ ತಜ್ಞರ ಅಭಿಪ್ರಾಯ ಬೇಕಂದ್ರ ಧಾರವಾಡದ ಡಿಮ್ಹಾನ್ಸ್ ಅದ, ಹಾವೇರಿ ಕಡೆಯಿಂದಲೂ ಭಾಳ ಮಂದಿ ಬರ್ತಾರ. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡದ್ದು ತಪ್ಪಲ್ಲ, ಅವನಿಗೆ ಬೈಬ್ಯಾಡ.


ಬ್ಯಾಡಗಿ ಪೇಟೆ | ಮಂಗಳವಾರ, ಮಧ್ಯಾಹ್ನ 1:00

ಹಮಾಲರ ಮನಿಯವರು ಯಾರಾದ್ರೂ ಓದತಿದ್ರ ಒಂದು ಮಾತು. ಮೆಣಸಿನಕಾಯಿ ಚೀಲದ ಕೂಡ ಲಾರಿಯಿಂದ ಬಿದ್ದು ನಮ್ಮ ಕಾಕಾನ ಬಲಗಾಲು ಮೊಣಕಾಲಿನ ಕೆಳಗ ತಗದ್ರು. ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಪಾಸ್‌ಬುಕ್ ಎಂಟ್ರಿ ಹಾಕಸೂ ಮುಂದ ಮೇ ತಿಂಗಳದಾಗ 20 ರೂಪಾಯಿ ಕಡಿತ ಕಂಡಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಒಂದ ಕಾಲು ಪೂರ್ತಿ ಹೋದ್ರ ಒಂದ ಲಕ್ಷ, ಎರಡೂ ಹೋದ್ರ ಎರಡ ಲಕ್ಷ. ಅಪಘಾತಕ್ಕ ಅಷ್ಟ, ಜಡ್ಡಿಗೆ ಇಲ್ಲ. ಬ್ಯಾಂಕಿಗೆ 30 ದಿನದೊಳಗ ತಿಳಸಬೇಕು ಅಂತ ಇರತೈತಿ. ನಿಮ್ಮ ಮನ್ಯಾಗಿನ ಪಾಸ್‌ಬುಕ್ ತಗದು ಆ 20 ರೂಪಾಯಿ ಹುಡುಕ್ರಿ.


ಹೆಗ್ಗೇರಿ ಅಕ್ಕ | ಬುಧವಾರ, ರಾತ್ರಿ 9:30

ಆಫೀಸಿನವ್ರು ಬಂದಿದ್ರು. ಕಾಕಾ ಹೇಳಿದಂಗ ಚಾ ಕೊಟ್ಟು, ಸಹಿ ಮಾಡೂದಿಲ್ರೀ ಅಂದೆ. ದನಿ ನಡುಗಿತು, ಆದ್ರೂ ಅಂದೆ. ಅವರೇನೂ ಬೈಲಿಲ್ಲ, ಫೋನ್ ಹಚ್ಚಿ ಹೊರಗ ಹೋಗಿ ಮಾತಾಡಿ ಹೋದ್ರು.

ಡಿಸ್ಪೆನ್ಸರಿಗೆ ಹೋಗಿದ್ವಿ. ಡಾಕ್ಟರು ಚಲೋ ಮಾತಾಡಿದ್ರು. ಆದ್ರ ಕಂಪ್ಯೂಟರಿನ್ಯಾಗ ಆ ಆರು ತಿಂಗಳಿಗೆ ಬರೇ 61 ದಿನ ತೋರಸಾಕ ಹತ್ತೈತಂತ. 78 ಬೇಕಲ್ಲ. ಚೀಟ್ಯಾಗ ಪ್ರತಿ ತಿಂಗಳೂ 109 ಹಿಡದಾರ. ಎಲ್ಲಾ ಮುಗೀತೇನ್ರಿ?


ಟೈಮ್ ಆಫೀಸ್ ಕಾಕಾ | ಬುಧವಾರ, ರಾತ್ರಿ 9:58

ಮುಗದಿಲ್ಲ. ಮಾಲಕ ಪಗಾರದಾಗ ಹಿಡದು ತುಂಬಲಿಲ್ಲಂದ್ರ ಅದು ಮಾಲಕನ ತಪ್ಪು, ಕೆಲಸಗಾರಂದಲ್ಲ. ಅಂಥಾದ್ರಾಗ ಇಎಸ್‌ಐ ನಿಗಮ ಕೆಲಸಗಾರಗ ಕೊಟ್ಟು, ಮಾಲಕನಿಂದ ವಸೂಲಿ ಮಾಡಲಿಕ್ಕೆ ಕಾಯ್ದ್ಯಾಗ ಅವಕಾಶ ಅದ. ಆ ಡಬ್ಬ್ಯಾಗಿನ ಚೀಟಿ ಇದಕ್ಕ ಬೇಕಾಗಿತ್ತು ನೋಡು. ಆರೂ ತಿಂಗಳ ಚೀಟಿ, ಪಗಾರ ಬಂದ ಬ್ಯಾಂಕ್ ಪಾಸ್‌ಬುಕ್ ಹಾಳಿ, ಜೆರಾಕ್ಸ್ ಮಾಡಿಸಿ ಶಾಖಾ ವ್ಯವಸ್ಥಾಪಕರ ಹೆಸರಿಗೆ ಅರ್ಜಿ ಬರೀರಿ. ಇನ್ನೊಂದು ಪ್ರತಿ ಮ್ಯಾಲ ತಲುಪಿದ ಶಿಕ್ಕಾ ಹಾಕಿಸಿಕೊಂಡು ಬರ್ರಿ. ಶಿಕ್ಕಾ ಇಲ್ಲದ ಅರ್ಜಿ ಕೊಟ್ಟರೂ ಕೊಡದಿದ್ರೂ ಒಂದ. ಅರ್ಜಿ ಒಕ್ಕಣಿ ನಾ ಬರದು ಕಳಸ್ತೇನಿ, ಮಗಳು ಸ್ವಚ್ಛ ಅಕ್ಷರದಾಗ ಇಳಸಲಿ.


ಹೆಗ್ಗೇರಿ ಅಕ್ಕ | ಎರಡು ತಿಂಗಳ ನಂತರ, ಶನಿವಾರ

ಎಲ್ಲಾರಿಗೂ ಹೇಳಬೇಕಂತ ಬಂದೆ. ಶಾಖಾ ಕಚೇರಿಗೆ ಆರು ಸಲ ಹೋದ್ವಿ. ವರ್ಕ್‌ಶಾಪಿಗೆ ಪತ್ರ ಹೋದ ಮ್ಯಾಲ ಬಾಕಿ ತಿಂಗಳದ್ದು ತುಂಬ್ಯಾರ. ಮೊನ್ನೆ ಮಂಗಳವಾರ ಅವರ ಖಾತೆಗೆ 91 ದಿನದ್ದು 30,000 ಮ್ಯಾಲ ಜಮಾ ಆತು. ಮುಂದಿನ 80 ಪರ್ಸೆಂಟ್‌ದು ಮಂಡಳಿ ಮುಂದ ಐತಿ, ತಾರೀಖು ಕೊಟ್ಟಾರ.

ಯುಡಿಐಡಿ ಹಳದಿ ಕಾರ್ಡ್ ಬಂತು, 62 ಪರ್ಸೆಂಟ್. ಪರೀಕ್ಷೆ ದಿನ ಡಾಕ್ಟರು ಒಂದು ಅಂಗಿ ಕೊಟ್ಟು ಗುಂಡಿ ಹಾಕ್ರಿ ಅಂದ್ರು. ಎಡಗೈಲೆ ಒಂದ ಗುಂಡಿ ಹಾಕಾಕ ಅವರಿಗೆ ಭಾಳ ಹೊತ್ತು ಹಿಡೀತು. ಹಿಂದ ಪಾಳ್ಯಾಗಿದ್ದ ಮಂದಿ ಯಾರೂ ಮಾತಾಡಲಿಲ್ಲ. ಒಂದ ಹಾಕಿ ಎರಡನೇದ್ದಕ್ಕ ಕೈ ಹಚ್ಚಿದ್ರು, ಡಾಕ್ಟರು ಸಾಕ್ರಿ ಅಂದ್ರೂ ಬಿಡಲಿಲ್ಲ.

ಬಸ್ ಪಾಸ್ ಮಾಡಸೇನಿ. ಪಿಎಫ್ ಪಿಂಚಣಿ 10ಡಿಗೆ ಇನ್ನೂ ಕೈ ಹಚ್ಚಿಲ್ಲ, ಮಂಡಳಿ ಆಗಲಿ ಅಂತ ಕಾಕಾ ಅಂದಾರ.


ಬೆಟಗೇರಿ ಮಗ್ಗ | ಶನಿವಾರ, ಸಂಜೆ 7:20

ಓದಿ ಭಾಳ ಖುಷಿ ಆತ್ರಿ ಅಕ್ಕಾರ. ಅಪ್ಪನ ಕಣ್ಣು ತೋರಿಸಿದ್ವಿ, ಎರಡೂ ಕಣ್ಣಿನ ಹಿಂದಿನ ಪರದೆಗೆ ಪೆಟ್ಟಾಗೈತಂತ. ಯುಡಿಐಡಿಗೆ ಹಾಕೇನಿ. ಬರೂ ಸೋಮವಾರ ತಾರೀಖು, ಅದ ದಿನ ಡಯಾಲಿಸಿಸ್ ಪಾಳಿನೂ ಐತಿ.


ಧಾರವಾಡ ನರ್ಸ್ | ಶನಿವಾರ, ಸಂಜೆ 7:41

ಡಯಾಲಿಸಿಸ್ ತಪ್ಪಸಬ್ಯಾಡ. ಪರೀಕ್ಷೆ ತಾರೀಖು ಮುಂದ ಹಾಕಿ ಕೊಡ್ತಾರ, ಮೊದಲ ಹೋಗಿ ಕೇಳಿಕೋ.


ಅಣ್ಣಿಗೇರಿ 90 | ರವಿವಾರ, ಬೆಳಿಗ್ಗೆ 11:15

ಹೊಸಬ ನಾನು. ನಮ್ಮಪ್ಪ ಒಂದು ಜಿನ್ನಿಂಗ್ ಫ್ಯಾಕ್ಟರಿಯೊಳಗ ಇದ್ದ, ಬೆನ್ನಿನ ಆಪರೇಶನ್ ಆಗೇತಿ, ಮೂರು ತಿಂಗಳಾತು ಮಲಗಿದಲ್ಲೇ ಅದಾನ. ನೌಕರಿ ಬಿಡಸ್ರಿ, ಪಿಎಫ್ ತಗೀರಿ ಅಂತ ಎಲ್ಲಾರೂ ಹೇಳಾಕ ಹತ್ತ್ಯಾರ. ಪಗಾರ ಚೀಟಿ ಒಂದೂ ಇಲ್ಲ. ಏನ್ ಮಾಡಬೇಕ್ರಿ?


ಹೆಗ್ಗೇರಿ ಅಕ್ಕ | ರವಿವಾರ, ಬೆಳಿಗ್ಗೆ 11:22

ತಮ್ಮಾ, ಮೊದಲ ಯಾವದಕ್ಕೂ ಹೆಬ್ಬೆಟ್ಟು ಒತ್ತಸಬ್ಯಾಡ. ಚೀಟಿ ಇಲ್ಲಂದ್ರ ಪಗಾರ ಬ್ಯಾಂಕಿಗೆ ಬರತಿತ್ತೇನು? ಪಾಸ್‌ಬುಕ್ ತಗದು ಎಂಟ್ರಿ ಹಾಕಿಸಿಕೊಂಡು ಬಾ. ಅಪ್ಪನ ಫೋನಿನ್ಯಾಗ ಹಳೇ ಮೆಸೇಜ್ ಅಳಸಬ್ಯಾಡ, ಪಿಎಫ್ ತುಂಬಿದ್ದು ಅದರಾಗ ಇರತೈತಿ. ಇಎಸ್‌ಐ ನಂಬರ್ ಹತ್ತು ಅಂಕಿದು, ಅಪ್ಪನ ಜೋಡಿ ಕೆಲಸ ಮಾಡೋರ ಚೀಟಿ ನೋಡಿದ್ರ ಅಲ್ಲಿ ಹಿಡೀತಾರೋ ಇಲ್ಲೋ ತಿಳೀತೈತಿ. ಬೆನ್ನಿನ ಡಿಸ್ಕಿಂದಾದ್ರ ಅದು ಪಟ್ಟ್ಯಾಗ ಐತಿ. ಡಿಸ್ಚಾರ್ಜ್ ಕಾಗದದಾಗ ಏನಂತ ಬರದಾರ, ಓದಿ ಇಲ್ಲಿ ಹಾಕು. ಕಾಕಾ ಮುಂಜಾನೆ ಆರಕ್ಕ ನೋಡತಾರ.